ಕೊಂಡಿ ಒತ್ತಿಬಿಟ್ಟೆ, ಈಗೇನು?

ಪ್ರಶ್ನೆ: ಬ್ಯಾಂಕಿನ ಹೆಸರಿನಲ್ಲಿ ಬಂದ ಸಂದೇಶದ ಕೊಂಡಿಯನ್ನು ಒತ್ತಿದೆ. ಪಾಸ್‌ವರ್ಡ್ ಕೇಳಿದಾಗ ಅನುಮಾನ ಬಂದು ಪುಟ ಮುಚ್ಚಿದೆ. ಮೊಬೈಲ್‌ನೊಳಗೆ ಬೇಹುಗಾರಿಕೆ ತಂತ್ರಾಂಶ ಸೇರಿಕೊಂಡಿರಬಹುದೇ?

ಉತ್ತರ: ಸಾಧ್ಯತೆ ಕಡಿಮೆ. ಅಂಥ ಪುಟಗಳಿಗೆ ಬೇಕಾದದ್ದು ನಿಮ್ಮ ಪಾಸ್‌ವರ್ಡ್. ಅದನ್ನು ನೀವು ಕೊಟ್ಟಿಲ್ಲ. ಆದರೂ ಮೊಬೈಲ್‌ನ ತಂತ್ರಾಂಶವನ್ನು ಇಂದೇ ಅಪ್‌ಡೇಟ್ ಮಾಡಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಯಾವ ಆ್ಯಪ್‌ಗಳಿಗಿದೆ ಎಂದು ನೋಡಿ. ಪರದೆಯ ಮೇಲಿನದನ್ನೆಲ್ಲ ಓದಬಲ್ಲ ಅನುಮತಿ ಅದು. ಟಾರ್ಚ್ ಆ್ಯಪ್‌ಗೆ ಅದೇಕೆ ಬೇಕು?

ನಾನೂ ಒಮ್ಮೆ ಇಂಥ ನಕಲಿ ಪುಟದ ಬಲೆಗೆ ಬೀಳುತ್ತಿದ್ದೆ. ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತುಂಬಿಕೊಡುವ ತಂತ್ರಾಂಶ, ಅಂದರೆ ಪಾಸ್‌ವರ್ಡ್ ಮ್ಯಾನೇಜರ್, ತಾನಾಗಿ ಪಾಸ್‌ವರ್ಡ್ ತುಂಬಲಿಲ್ಲವೆಂದು ಅದನ್ನೇ ಬೈದೆ. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದರೆ, ಪುಟದ ವಿಳಾಸದಲ್ಲಿ ‘ಎಲ್’ ಇರಬೇಕಾದಲ್ಲಿ 1 ಕುಳಿತಿತ್ತು! ನನ್ನ ಕಣ್ಣು ಮೋಸಹೋದರೂ ಆ ತಂತ್ರಾಂಶ ಹೋಗಲಿಲ್ಲ. ಅದು ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ.

ಒಟಿಪಿ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ನಕಲಿ ಪುಟದಲ್ಲಿ ನೀವು ತುಂಬಿದ ಒಟಿಪಿಯನ್ನು ವಂಚಕರು ಆ ಕ್ಷಣವೇ ಅಸಲಿ ತಾಣಕ್ಕೆ ದಾಟಿಸಬಲ್ಲರು. ಪಾಸ್‌ವರ್ಡ್ ಬದಲು ಬೆರಳಚ್ಚು, ಮುಖ ಅಥವಾ ಮೊಬೈಲ್‌ನ ಪಿನ್‌ನಿಂದ ಲಾಗಿನ್ ಆಗುವ ಡಿಜಿಟಲ್ ಕೀಲಿಯೇ ಪಾಸ್‌ಕೀ. ಅದರಲ್ಲಿ ಈ ಆಟ ನಡೆಯದು. ಅದು ಅಸಲಿ ವಿಳಾಸಕ್ಕೇ ಕಟ್ಟಿಕೊಂಡಿರುತ್ತದೆ. ನಿಮ್ಮ ಬ್ಯಾಂಕ್ ಪಾಸ್‌ಕೀ ಕೊಡುತ್ತಿದ್ದರೆ ಇವತ್ತೇ ಹಾಕಿಸಿಕೊಳ್ಳಿ. ಆ ಸಂದೇಶವನ್ನು ಅಳಿಸುವ ಮುನ್ನ ಬ್ಯಾಂಕಿಗೆ ತಿಳಿಸಿ, ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೇ ಕರೆಮಾಡಿ.