ಲ್ಯಾಬಿಗೆ ಡೆಬಿಯನ್ ಮಿರರ್: ಪಟ್ಟಿ ಮೊದಲೋ, ಪ್ಯಾಕೇಜ್ ಮೊದಲೋ?

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬಿನಲ್ಲಿ 60 ಕಂಪ್ಯೂಟರ್‌ಗಳಿವೆ, ಎಲ್ಲದರಲ್ಲೂ ಡೆಬಿಯನ್ (ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್). ಹಳೇ ಸರ್ವರ್ ಒಂದಕ್ಕೆ 2 ಟಿಬಿ ಡಿಸ್ಕ್ ಹಾಕಿ, ಬೇಡದ ಆರ್ಕಿಟೆಕ್ಚರ್‌ಗಳನ್ನು (ಬೇರೆ ಬಗೆಯ ಪ್ರೊಸೆಸರ್‌ಗಳಿಗೆ ಬೇಕಾದ ಫೈಲುಗಳನ್ನು) ಬಿಟ್ಟು ಮಿರರ್, ಅಂದರೆ ಡೆಬಿಯನ್‌ನ ಸಾಫ್ಟ್‌ವೇರ್ ಪ್ಯಾಕೇಜ್ ಭಂಡಾರದ ನಕಲು, ಮಾಡಿದ್ದೇವೆ. ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಆರ್‌ಸಿಂಕ್ (ಫೈಲ್ ನಕಲಿಸುವ ಪ್ರೋಗ್ರಾಮ್) ಓಡುತ್ತದೆ. ಆದರೂ ಆಗಾಗ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ (ಹ್ಯಾಶ್, ಅಂದರೆ ಫೈಲಿನ ಗುರುತು ಸಂಖ್ಯೆ, ತಾಳೆಯಾಗುತ್ತಿಲ್ಲ) ಅಂತ ಎರರ್ ಬರುತ್ತದೆ. ಯಾಕೆ? ಇದನ್ನು ಹೊರಗಿನವರಿಗೂ ತೆರೆಯಬಹುದಾ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ತೊಂದರೆ ಡಿಸ್ಕಿನದಲ್ಲ, ಫೈಲ್ ತರುವ ಕ್ರಮದ್ದು. ಡೆಬಿಯನ್‌ನಲ್ಲಿ ಪ್ಯಾಕೇಜುಗಳು ‘ಪೂಲ್’ ಫೋಲ್ಡರಿನಲ್ಲಿರುತ್ತವೆ, ಅವುಗಳ ಪಟ್ಟಿ ‘ಡಿಸ್ಟ್ಸ್’ನಲ್ಲಿ. ಆ ಪಟ್ಟಿಗಳ ಹ್ಯಾಶ್ ಇರುವುದು ‘ರಿಲೀಸ್’ ಫೈಲಿನಲ್ಲಿ. ಆರ್‌ಸಿಂಕ್ ಅಕ್ಷರದ ಕ್ರಮದಲ್ಲಿ ನಡೆಯುತ್ತದೆ. ಹಾಗಾಗಿ ಪೂಲ್‌ಗಿಂತ ಮೊದಲು ಡಿಸ್ಟ್ಸ್ ಬಂದುಬಿಡುತ್ತದೆ. ಹೊಸ ರಿಲೀಸ್ ಬಂದು, ಪಟ್ಟಿ ಇನ್ನೂ ಹಳೆಯದೇ ಇದ್ದಾಗ ಇಂಟರ್ನೆಟ್ ಲೈನ್ ಹೋದರೆ ನಿಮಗೆ ಬಂದ ಎರರ್ ಬರುತ್ತದೆ. ಪಟ್ಟಿ ಬಂದು ಪ್ಯಾಕೇಜ್ ಬಾರದಿದ್ದರೆ 404, ಅಂದರೆ ‘ಫೈಲ್ ಸಿಗಲಿಲ್ಲ’ ಎಂಬ ಎರರ್. ಹಿಟ್ಟು ರುಬ್ಬುವ ಮೊದಲೇ ಹೋಟೆಲ್ ಬೋರ್ಡಿನಲ್ಲಿ ನೀರುದೋಸೆ ಅಂತ ಬರೆದ ಹಾಗೆ.

ಇದಕ್ಕೆಂದೇ ಡೆಬಿಯನ್‌ನವರು ‘ಎಫ್‌ಟಿಪಿಸಿಂಕ್’ ಸ್ಕ್ರಿಪ್ಟ್ ಕೊಟ್ಟಿದ್ದಾರೆ. ಅದು ಎರಡು ಸುತ್ತು ಓಡುತ್ತದೆ. ಮೊದಲು ಪ್ಯಾಕೇಜುಗಳನ್ನು ತರುತ್ತದೆ, ಏನನ್ನೂ ಅಳಿಸುವುದಿಲ್ಲ. ಆಮೇಲೆ ಪಟ್ಟಿ ತಂದು, ಕೊನೆಗೆ ಹಳೆಯದನ್ನು ತೆಗೆಯುತ್ತದೆ. ಹೊಸದು, ಹಳೆಯದು ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ಇರುತ್ತವಲ್ವಾ, ಡಿಸ್ಕಿನಲ್ಲಿ ಜಾಗ ಜಾಸ್ತಿ ಬಿಡಿ. ಈ ಲೆಕ್ಕ ಮರೆತು ನಾನೇ ಒಮ್ಮೆ ಡಿಸ್ಕ್ ತುಂಬಿಸಿಕೊಂಡು ನಿದ್ದೆಗೆಟ್ಟಿದ್ದೇನೆ. ಡೆಬಿಯನ್ ಭಂಡಾರ ದಿನಕ್ಕೆ 4 ಸಲ ಹೊಸದಾಗುತ್ತದೆ, ಹಾಗಾಗಿ 6 ಗಂಟೆಗೊಮ್ಮೆ ಓಡಿಸಿದರೆ ಸಾಕು.

ಹೊರಗಿನವರಿಗೆ ತೆರೆಯುವ ವಿಚಾರ. ನಿಮ್ಮ ಸರ್ವರಿನಲ್ಲಿ ಯಾರಾದರೂ ಪ್ಯಾಕೇಜ್ ತಿದ್ದಿದರೆ ಬಳಸುವವರ ಆಪ್ಟ್ (ಡೆಬಿಯನ್‌ನಲ್ಲಿ ಪ್ಯಾಕೇಜ್ ಇಳಿಸಿ ಹಾಕುವ ಪ್ರೋಗ್ರಾಮ್) ಅದನ್ನು ಹಿಡಿಯುತ್ತದೆ. ರಿಲೀಸ್ ಫೈಲಿಗೆ ಡೆಬಿಯನ್‌ನ ಡಿಜಿಟಲ್ ಸಹಿ ಇದೆ, ಸಹಿ ಹಾಕುವ ಕೀ ನಿಮ್ಮಲ್ಲಿಲ್ಲ. ನನಗೆ ಭಯ ಇರುವುದು ಹಳಸಿದ ಮಿರರ್ ಬಗ್ಗೆ. ಸಹಿ ಸರಿಯಾಗಿಯೇ ಇರುತ್ತದೆ, ಪ್ಯಾಕೇಜ್ ಮಾತ್ರ ತಿಂಗಳ ಹಿಂದಿನದು. ಆದ್ದರಿಂದ ಭದ್ರತಾ ಅಪ್‌ಡೇಟುಗಳನ್ನು ನೇರ ಡೆಬಿಯನ್‌ನ ಸೆಕ್ಯುರಿಟಿ ಸರ್ವರಿನಿಂದಲೇ ತರಿಸಿ. ರಜೆಯಲ್ಲೂ ಸರ್ವರ್ ನೋಡಿಕೊಳ್ಳುವವರು ಇದ್ದರೆ ಮಾತ್ರ ತೆರೆಯಿರಿ.

ನನ್ನನ್ನು ಕೇಳಿದರೆ, 60 ಕಂಪ್ಯೂಟರಿಗೆ ಮಿರರೇ ಬೇಡ. ‘ಆಪ್ಟ್-ಕ್ಯಾಶರ್-ಎನ್‌ಜಿ’ ಹಾಕಿ. ಒಬ್ಬರು ಇಳಿಸಿಕೊಂಡ ಪ್ಯಾಕೇಜ್ ಉಳಿದ 59ಕ್ಕೂ ಲ್ಯಾಬಿನೊಳಗಿಂದಲೇ ಸಿಗುತ್ತದೆ. ಯಾರೂ ಕೇಳದ ಪ್ಯಾಕೇಜುಗಳನ್ನು ಸುಮ್ನೆ ತಂದು ತುಂಬುವುದು ತಪ್ಪುತ್ತದೆ.