ಪ್ರತಿ: ಗಂಡನ ಮನೆಯ ಬೈಬಲ್‌ನಲ್ಲಿ 7 ಪುಸ್ತಕ ಹೆಚ್ಚು ಯಾಕೆ?

ದಾವಣಗೆರೆಯಿಂದ ಕೇಳಿದ್ದೀರಿ: ತವರಿನ ಪ್ರೊಟೆಸ್ಟಂಟ್ ಬೈಬಲ್‌ನಲ್ಲಿ 66 ಪುಸ್ತಕ, ಕ್ಯಾಥೊಲಿಕ್ ಗಂಡನ ಮನೆಯದರಲ್ಲಿ 73, ಇಷ್ಟು ದಿನ ಅರ್ಧಂಬರ್ಧ ಓದಿದೆನೇ ಅಂತ ಅಳುಕು. ಅಳುಕು ಬೇಡ. ಹೊಸ ಒಡಂಬಡಿಕೆಯ 27 ಎರಡರಲ್ಲೂ ಅವೇ. ವ್ಯತ್ಯಾಸವೆಲ್ಲ ಹಳೆಯ ಒಡಂಬಡಿಕೆಯಲ್ಲಿ, ಅಂದರೆ ಯೇಸುವಿಗಿಂತ ಮೊದಲಿನ ಭಾಗದಲ್ಲಿ. ಅದರಲ್ಲಿನ ದಾನಿಯೇಲ ಪುಸ್ತಕ ತೆರೆದು ನೋಡಿ: ನಿಮ್ಮದು 12ನೇ ಅಧ್ಯಾಯಕ್ಕೆ ಮುಗಿಯುತ್ತದೆ, ಅವರದು 14ಕ್ಕೆ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿದ್ದ ಆ 7 ಪುಸ್ತಕಗಳೂ ಇಂಥ ಹೆಚ್ಚಿನ ಭಾಗಗಳೂ ಯೆಹೂದ್ಯರ ಹೀಬ್ರೂ ಪಟ್ಟಿಯಲ್ಲಿಲ್ಲ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ ಅವನ್ನು ಕಿತ್ತು ಬಿಸಾಡಿದರು ಅನ್ನುವವರೇ ಜಾಸ್ತಿ, ಅದು ತಪ್ಪು. 1534ರ ಜರ್ಮನ್ ಬೈಬಲ್‌ನಲ್ಲಿ ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿಟ್ಟು, ಧರ್ಮಗ್ರಂಥಕ್ಕೆ ಸಮವಲ್ಲ, ಆದರೆ ಓದಲು ಒಳ್ಳೆಯವು ಅಂದರು. 1546ರಲ್ಲಿ ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಮಹಾಸಭೆ ಅವೂ ಧರ್ಮಗ್ರಂಥವೇ ಎಂದು ಖಚಿತಪಡಿಸಿತು. ಮೊದಲು ಆ 7ರಲ್ಲೊಂದಾದ 2 ಮಕ್ಕಬಿಯರು ಪುಸ್ತಕದ 7ನೇ ಅಧ್ಯಾಯ ಓದಿ, ಕೂಡಲೇ ನಿಮ್ಮದೇ ಬೈಬಲ್‌ನ ಇಬ್ರಿಯರಿಗೆ 11:35 ತೆರೆಯಿರಿ. ಅಲ್ಲಿ ಹೇಳಿರುವ, ಬಿಡುಗಡೆ ಬೇಡವೆಂದು ಯಾತನೆಪಟ್ಟವರು ಯಾರಿರಬಹುದು ಅಂತ ಹೊಳೆಯುತ್ತದೆ.