ಹಳೆಯ ರೇಡಿಯೋ ಹಾಸ್ಯದಲ್ಲಿ ಬೀರುವಿನಿಂದ ಸಾಮಾನು ಉರುಳುವ ಸದ್ದನ್ನು ಹೇಗೆ ಮಾಡುತ್ತಿದ್ದರು? ನಮ್ಮ ನಾಟಕಕ್ಕೆ ಹಾಗೇ ಮಾಡಬಹುದೇ?

ಅಮೆರಿಕದ ಎನ್‌ಬಿಸಿ ರೇಡಿಯೋದಲ್ಲಿ 1935ರಲ್ಲಿ ಶುರುವಾದ ‘ಫಿಬರ್ ಮ್ಯಾಗೀ ಆ್ಯಂಡ್ ಮಾಲಿ’ ಎಂಬ ಹಾಸ್ಯ ಕಾರ್ಯಕ್ರಮದ ಆ ಪ್ರಸಿದ್ಧ ಸದ್ದು ಬಂದದ್ದು 1940ರಲ್ಲಿ. ಅದನ್ನು ಸ್ಟುಡಿಯೋದಲ್ಲೇ, ಪ್ರೇಕ್ಷಕರ ಎದುರು ಮಾಡುತ್ತಿದ್ದರು: ಮರದ ಮೆಟ್ಟಿಲುಗಳ ಮೇಲೆ ಸಾಮಾನು ಪೇರಿಸಿ ಕೆಳಕ್ಕೆ ತಳ್ಳುವುದು, ಎಲ್ಲ ಮುಗಿದ ಮೇಲೆ ಒಂದು ಪುಟ್ಟ ಗಂಟೆ ‘ಟಿಣ್’ ಎನ್ನುವುದು. ಆ ಗಂಟೆಯೇ ಇದರ ಜೀವ.

ಖಂಡಿತ ಮಾಡಬಹುದು. ನಾಲ್ಕೈದು ಮೆಟ್ಟಿಲು ಸಾಕು. ಕೆಳಗೆ ಪ್ಲೈವುಡ್ ಹಲಗೆ ಹಾಕಿ, ಜಮಖಾನೆ ಇದ್ದರೆ ಸದ್ದು ಸತ್ತುಹೋಗುತ್ತದೆ. ಮೊದಲು ಚಿಲಕ ತೆಗೆಯುವ ಸದ್ದು ಕೇಳಲೇಬೇಕು, ಕೇಳುಗರು ನಗಲು ಸಿದ್ಧರಾಗುವುದು ಅಲ್ಲೇ. ಆಮೇಲೆ ರಟ್ಟಿನ ಡಬ್ಬಿ, ಬುಟ್ಟಿ. ಹಿಂದೆಯೇ ಸ್ಟೀಲ್ ತಟ್ಟೆ, ಚೊಂಬು. ಕೊನೆಗೆ ಕಬ್ಬಿಣದ ಬಕೆಟ್. ಒಟ್ಟು ಆರೇಳು ಸೆಕೆಂಡು. ಬರೀ ಪಾತ್ರೆಗಳನ್ನೇ ತಳ್ಳಿದರೆ ಒಂದೇ ಗಲಾಟೆಯಾಗಿ ಕೇಳುತ್ತದೆ, ಯಾವ ವಸ್ತು ಬಿತ್ತೆಂದು ಕಿವಿಗೆ ಗೊತ್ತಾಗುವುದಿಲ್ಲ. ಗಾಜು ಬೇಡ.

ಮೈಕ್ ಐದಾರು ಅಡಿ ದೂರವಿರಲಿ, ರೆಕಾರ್ಡಿಂಗ್ ಮಟ್ಟ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ (ಸೊನ್ನೆ ಎಂದರೆ ಧ್ವನಿ ಒಡೆಯುವ ಮಿತಿ) ದಾಟದಿರಲಿ. ಹತ್ತಿರವಿಟ್ಟರೆ ಬಕೆಟ್ ಬಿದ್ದಾಗ ಧ್ವನಿ ಒಡೆಯುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಗದ್ದಲ ತಗ್ಗಿಸುವ ಸೌಲಭ್ಯವನ್ನು ಆಫ್ ಮಾಡಿ, ಇಲ್ಲದಿದ್ದರೆ ಅದು ಅರ್ಧ ಸದ್ದನ್ನೇ ನುಂಗುತ್ತದೆ. ಗಂಟೆಯನ್ನು ರಾಶಿಯಲ್ಲಿ ಸೇರಿಸಬೇಡಿ. ಒಂದು ಸೆಕೆಂಡು ಪೂರ್ತಿ ಮೌನ ಬಿಟ್ಟು, ಮೈಕಿನ ಹತ್ತಿರ ಕೈಯಿಂದಲೇ ಬಾರಿಸಿ.